ಪೂಜೆಗಿಟ್ಟ ಡಿಸ್ಕ್

ರಾಯದುರ್ಗ
21 ನವೆಂಬರ್ 2019

ಅಕ್ಕ ಜುಂಜಮ್ಮನಿಗೆ ತಮ್ಮನ ನಮಸ್ಕಾರ.

ಭಾವ ಬಿದ್ದದ್ದು ಗೇಟಿನ ಹೊರಗಲ್ಲ, ಫ್ಯಾಕ್ಟರಿಯ ಒಳಗೆ. ಬಳ್ಳಾರಿಯಲ್ಲಿ ಕಂಪ್ಯೂಟರ್ ಡಿಸ್ಕ್ ರಿಪೇರಿ ಮಾಡುವ ರಘುನಾಥ್ ನಿನ್ನೆ ಫೋನ್ ಮಾಡಿ ತಿಳಿಸಿದರು. ಇವತ್ತು ಹೋಗಿ ಕ್ಯಾಮೆರಾದ ದೃಶ್ಯ ನಾನೇ ನೋಡಿ ಬಂದೆ. ಕಾಗದ ತಡವಾಯಿತು, ಬೇಸರಪಡಬೇಡ. ಕೈಗೆ ಏನೂ ಸಿಗದೆ ಏನೆಂದು ಬರೆಯಲಿ? ಫೋನಿನಲ್ಲಿ ಹೇಳೋಣವೆಂದರೆ ನಿಮ್ಮತ್ತೆ ಸ್ಪೀಕರ್ ಹಾಕಿಸಿಕೊಂಡು ಕೂರುತ್ತಾರೆ. ಇದನ್ನು ನೀನೊಬ್ಬಳೇ ಓದಿಕೋ.

ಭಾವ ಕುಡಿದು ಗೇಟಿನಾಚೆ ಸತ್ತುಬಿದ್ದಿದ್ದರೆಂದು ಮ್ಯಾನೇಜರ್ ಹೇಳಿದ. ಅವನೇ ವ್ಯಾನ್ ಗೊತ್ತುಮಾಡಿ ಹೆಣ ಕಳಿಸಿದ. ನಾವು ಪೋಸ್ಟ್‌ಮಾರ್ಟಂ ಇಲ್ಲದೆ ಅವತ್ತೇ ನಿಮ್ಮೂರು ಅಗಳಿಯಲ್ಲಿ ಮಣ್ಣು ಮಾಡಿದೆವು. "ನೀನು ಅಂಕೇಲಿಟ್ಟಿದ್ರೆ ನನ್ನ ಮಗ ಕುಡೀತಿರ್ಲಿಲ್ಲ ಕಣೇ" ಎಂದು ನಿಮ್ಮತ್ತೆ ಹೆಣದ ಮುಂದೆಯೇ ಅಂದದ್ದು ನನ್ನ ಕಿವಿಯಲ್ಲಿದೆ. ಇನ್ನು ಉಳಿದ ಸಾಕ್ಷಿ ಕ್ಯಾಮೆರಾ ಒಂದೇ. ಆಫೀಸಿನ ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿದ್ದ ದೃಶ್ಯಗಳನ್ನು ಮ್ಯಾನೇಜರ್ ಅಳಿಸಿದ್ದ. ಅದರ ನಕಲು ದಿನವೂ, ನಾನು ಬಟ್ಟೆಯ ಅಳತೆ-ನಮೂನೆ ತೆಗೆಯುವ ಪ್ಯಾಟರ್ನ್ ಕೋಣೆಯ ಡಿಸ್ಕಿಗೆ ಬರುವುದು ಅವನಿಗೆ ನೆನಪಾಗಲಿಲ್ಲ.

ಹೆಣದ ಜೊತೆ ಅಲ್ಲಿಗೆ ಬಂದ ನಾನು ಕಾರ್ಯ ಮುಗಿಸಿ ಮರಳುವಷ್ಟರಲ್ಲಿ ಇಲ್ಲಿ ಆಯುಧಪೂಜೆ ಆಗಿಹೋಗಿತ್ತು. ಹೊಲಿಗೆ ವಿಭಾಗದ ಉಜ್ಜಿನಮ್ಮ ಕತ್ತರಿ, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ಡಿಸ್ಕನ್ನೂ ನೀರಿನಲ್ಲಿ ತೊಳೆದು, ಕುಂಕುಮವಿಟ್ಟು, ಕಾಯಿ ಒಡೆದು ಪೂಜಿಸಿದ್ದರು. "ಅದೂ ನಮಗ ಅನ್ನ ಕೊಡೋ ಸಾಮಾನಲ್ಲೇನಪ್ಪಾ, ಅದೊಂದ ಯಾಕ ಬಿಡಬೇಕು ಅಂದೆ" ಎಂದರು. ನೀರು ಹೋಗಿ ಡಿಸ್ಕ್ ಕೆಟ್ಟಿತೆಂದು ತಿಳಿದ ಮೇಲೆ ಎರಡು ದಿನ ಊಟ ಮಾಡಲಿಲ್ಲವಂತೆ. ಅವರನ್ನು ಬೈಯಬೇಡ. ಭಾವನ ಪರವಾಗಿ ಸಾಕ್ಷಿ ಹೇಳಲು ಒಪ್ಪಿದವರು ಅವರೊಬ್ಬರೇ.

ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು, ಕಂಪ್ಯೂಟರಿನಲ್ಲಿ ಕಾಣಿಸುತ್ತಿರಲಿಲ್ಲ. ನಾನು ಮತ್ತೆ ಮತ್ತೆ ವೈರ್ ಚುಚ್ಚಿ ನೋಡಿದ್ದನ್ನು ಕೇಳಿ ರಘುನಾಥ್ ಗದರಿದರು: "ಕರೆಂಟ್ ಕೊಟ್ಟಾಗೆಲ್ಲಾ ಒಳಗಿನ ಮುಳ್ಳು ತಟ್ಟೀನ ಗೀರತೈತ್ರಿ. ಇನ್ನ ಮುಟ್ಟಬ್ಯಾಡ್ರಿ." ಅದೇ ಮಾದರಿಯ ಹಳೆಯ ಡಿಸ್ಕ್ ಹುಡುಕಿ, ಅದರ ಭಾಗ ಜೋಡಿಸಿ, ಓದಲು ಬಂದಷ್ಟನ್ನು ಬೇರೆಡೆಗೆ ಇಳಿಸಿಕೊಂಡರು. ಬಹುಪಾಲು ಹಾಳಾಗಿದೆ. ಆ ದಿನದ ತುಣುಕು ಉಳಿದಿದೆ.

ಅದರಲ್ಲಿ ಭಾವ ನೆಟ್ಟಗೆ ನಡೆದು ಬರುತ್ತಾರೆ. ಯಾರೊಂದಿಗೋ ನಗುತ್ತಾರೆ. ಜೀನ್ಸ್ ತೊಳೆಯುವ ಡ್ರಮ್ಮಿಗೆ ಬಟ್ಟೆ ತುಂಬಿ ಸ್ವಿಚ್ ಒತ್ತುತ್ತಾರೆ. ನೆಲದಲ್ಲಿ ನೀರು ನಿಂತಿದೆ. ಕರೆಂಟ್ ಹೊಡೆದು ಅಲ್ಲೇ ಬೀಳುತ್ತಾರೆ. ನಿನ್ನ ಗಂಡ ಕುಡಿದಿರಲಿಲ್ಲ, ಅಕ್ಕ. ಇದೊಂದನ್ನು ನಿಮ್ಮತ್ತೆಗೆ ಹೇಳು.

ಮಕ್ಕಳಿಗೆ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ
ಬೊಮ್ಮಣ್ಣ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ತುಣುಕು ಅಲ್ಲಿಗೆ ಮುಗಿಯುವುದಿಲ್ಲ: ಮ್ಯಾನೇಜರನೂ ಅವನ ಆಳುಗಳೂ ಹೊರಗೆ ಹೊತ್ತೊಯ್ಯುವಾಗ ಭಾವನಿಗೆ ಇನ್ನೂ ಜೀವವಿತ್ತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಮ್ಯಾನೇಜರ್ ಬೆರಳು ಬಿಡಿಸಿದ. ಗೇಟಿನಾಚೆ ಮಲಗಿಸಿ ಬಂದು ಡ್ರಮ್ ಮತ್ತೆ ಚಾಲೂ ಮಾಡಿದರು. ಇದನ್ನು ವಿಚಾರಣೆಯಲ್ಲಿ ನಿನ್ನೆದುರಿಗೇ ತೋರಿಸುತ್ತಾರೆಂದು ನಮ್ಮ ವಕೀಲರು ಹೇಳಿದ್ದರಿಂದ ಮೊದಲೇ ತಿಳಿಸಿದ್ದೇನೆ. ಪರಿಹಾರದ ಅರ್ಜಿಯ ವಿಚಾರಣೆ ಡಿಸೆಂಬರ್ ಎರಡು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅನಂತಪುರದ ಕಾರ್ಮಿಕ ಕಚೇರಿಯಲ್ಲಿ.