ಸಿದ್ದಕ್ಕ ಹಿಡಿದ ಪಾತ್ರೆ

ಖಾನಾಪುರ
೧೧ ಅಕ್ಟೋಬರ್ ೧೯೮೪

ಪ್ರೀತಿಯ ಮಗಳು ಕಾಂತಾಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಪತ್ರ ಆಗಸ್ಟಿನಲ್ಲೇ ಬಂದಿತ್ತು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಬಲಗೈ ನಡುಗುವುದು ಹೆಚ್ಚಾಗಿದೆ. ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ನಿನ್ನ ಅವ್ವ ಗಟ್ಟಿಯಾಗಿದ್ದಾಳೆ. ಮಹಾಂತೇಶ ನಗರದಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ ಎಂದು ನೀನು ಬರೆದಿದ್ದೆ, ಈಗ ಹೇಗೆ? ಸಾಲಿಯಲ್ಲಿ ಪಾಠ ಮಾಡಿ ಬಂದ ಮೇಲೆ ಕೊಡ ಹೊರಬೇಡ ಎಂದು ಅವ್ವ ಹೇಳಿದ್ದಾಳೆ.

ಹೋದ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅಂದು ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚುವುದಿತ್ತು. ಮಹಾಯಾಜಕನ ಬಗ್ಗೆ ಪ್ರಸಂಗ ಮಾಡಿದೆ. ದೇವಾಲಯದಲ್ಲಿ ತೆರೆಯ ಹಿಂದೆ, ದೇವರ ಸನ್ನಿಧಿಗೆ, ವರ್ಷಕ್ಕೊಮ್ಮೆ ಅವನೊಬ್ಬನೇ ಹೋಗುತ್ತಿದ್ದ. ಯೇಸು ಪ್ರಾಣ ಬಿಟ್ಟಾಗ ಆ ತೆರೆ ಹರಿದು ಎರಡಾಯಿತು. ಈಗ ನಾವೆಲ್ಲರೂ ಯಾಜಕರೇ ಎಂದೆ. ನೂರು ಸಲ ಹೇಳಿದ ಮಾತು, ನಾಲಿಗೆಗೆ ಸಲೀಸು. ಆಮೇಲೆ ಮೇಜಿನ ಬಳಿ ಹೋಗಿ ಪಾತ್ರೆ ಎತ್ತಿದೆ. ಕೈ ನಡುಗಿ ದ್ರಾಕ್ಷಾರಸ ಬಿಳಿ ಬಟ್ಟೆಯ ಮೇಲೆಲ್ಲ ಚೆಲ್ಲಿತು. ಮತ್ತೆ ತುಂಬಿಸಿದೆ, ಮತ್ತೆ ಚೆಲ್ಲಿತು. ನಾಚಿಕೆಯಿಂದ ನನ್ನ ಕಣ್ಣು ಮಂಜಾಯಿತು.

ಆಗ ಹೆಂಗಸರ ಸಾಲಿನಿಂದ ಸಿದ್ದಕ್ಕ ಎದ್ದು ಬಂದಳು. ನಂದಗಡದಿಂದ ಬಸ್ಸಿಗೆ ಬರುವ ಸೂಲಗಿತ್ತಿ, ನಿನಗೆ ನೆನಪಿರಬೇಕು; ಸಭೆಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ಮೇಜಿನ ಮುಂದಿನ ಕಟಕಟೆಯ ಬಾಗಿಲು ತೆಗೆದು ನೆಟ್ಟಗೆ ಒಳಗೆ ಬಂದು ನನ್ನ ಮುಂಗೈ ಹಿಡಿದಳು.

"ಅಯ್ನೋರ, ಬಿಗಿ ಹಿಡೀಬ್ಯಾಡ್ರಿ. ಕೈ ಸಡ್ಲ ಬಿಡ್ರಿ. ನಾ ಅದೀನಿ."

ಮುಂದಿನ ಬೆಂಚಿನಿಂದ ಸಭೆಯ ಹಿರಿಯರಾದ ಚನ್ನಬಸಯ್ಯ ಎದ್ದು ನಿಂತರು. "ಏನ್ ಇದು? ಹೆಣ್ಮಕ್ಕಳು ಕಟಕಟಿ ಒಳಗ ಬರಂಗಿಲ್ಲ. ಮೂವತ್ತ ವರ್ಷದಿಂದ ನಡಕೊಂಡ ಬಂದೈತಿ."

ಸಿದ್ದಕ್ಕ ಕೈ ಬಿಡಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ. ಹೊರಗೆ ಹೋಗು ಎಂದಿದ್ದರೆ ಹೋಗುತ್ತಿದ್ದಳು. ಖರೇ ಹೇಳುತ್ತೇನೆ ಮಗಳೇ, ಒಂದು ಕ್ಷಣ ಆ ಮಾತು ನನ್ನ ಬಾಯಿಗೆ ಬಂದಿತ್ತು.

"ಚನ್ನಬಸಯ್ಯ," ಎಂದೆ, "ಆ ನೇಮ ಮಾಡಿದಾಂವ ನಾನು. ದೇವರಲ್ಲ. ಕುಂದರ್ರಿ."

ಅವರು ಕೂತರು. ನಾವಿಬ್ಬರೂ ಒಂದೇ ಪಾತ್ರೆ ಹಿಡಿದು ಸಾಲಾಗಿ ಕೊಡುತ್ತ ಹೋದೆವು. ಇಷ್ಟು ವರ್ಷ ಚೆಲ್ಲೀತೆಂಬ ಅಂಜಿಕೆಯಲ್ಲಿ ಪಾತ್ರೆಯನ್ನೇ ನೋಡುತ್ತಿದ್ದವನು ನಾನು. ಅಂದು ಭಾರ ಅವಳ ಕೈಯಲ್ಲಿತ್ತು. ಮೊಣಕಾಲೂರಿದವರ ಮುಖಗಳನ್ನು ಮೊದಲ ಸಲ ನೋಡಿದೆ. ಬಿಸಿಲಿಗೆ ಕಂದಿದ ಮುಖ, ರಾತ್ರಿಪಾಳಿ ಮುಗಿಸಿ ಬಂದ ಮುಖ, ಬಾಯಿ ತೆರೆದು ಕಾಯುತ್ತಿರುವ ಮುಖ. ದೇವರ ಸನ್ನಿಧಿ ಕಣ್ಣಿಗೆ ಕಾಣುತ್ತದೆಯೇ ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ಹೌದೆನ್ನುತ್ತೇನೆ.

ಕಡೆಗೆ ಚನ್ನಬಸಯ್ಯನವರೂ ಬಂದು ಮೊಣಕಾಲೂರಿದರು. ಸಿದ್ದಕ್ಕ ಅವರ ಗದ್ದ ಹಿಡಿದೇ ಕುಡಿಸಿದಳು, ಕೂಸಿಗೆ ಕುಡಿಸಿದ ಹಾಗೆ! ಹೊರಗೆ ಚಪ್ಪಲಿ ಮೆಟ್ಟುವಾಗ ಅವರು ನನಗೆ, "ಏನರ ಅನ್ರಿ, ಆಮ್ಯಾಲ ಒಂದ್ ಹನಿ ಚೆಲ್ಲಲಿಲ್ಲ ನೋಡ್ರಿ," ಎಂದರು. ಬರುವ ತಿಂಗಳೂ ಅವಳೇ ಪಾತ್ರೆ ಹಿಡಿಯುತ್ತಾಳೆ. ಬಟ್ಟೆಯ ಕಲೆ ಮಾತ್ರ ಹೋಗಿಲ್ಲ, ಅವ್ವ ಎರಡು ಸಲ ಒಗೆದಳು. ನಾನಂತೂ ಈ ವಾರವೆಲ್ಲ ಹಗುರಾಗಿ ಓಡಾಡುತ್ತಿದ್ದೇನೆ.

ಕರ್ತನು ನಿನ್ನನ್ನೂ ನಿನ್ನ ತರಗತಿಯ ಮಕ್ಕಳನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಗುರುಪಾದಪ್ಪ

ತಾ.ಕ.: ಒಂಬತ್ತು ವರ್ಷದ ಹಿಂದೆ ನೀನು ಸಭಾಪಾಲಕಿಯಾಗಬೇಕೆಂದು ದೈವಶಾಸ್ತ್ರ ಕಾಲೇಜಿಗೆ ಅರ್ಜಿ ಹಾಕಿದ್ದೆ. ಸ್ಥಳವಿಲ್ಲವೆಂದು ಉತ್ತರ ಬಂದಾಗ ನೀನು ಹಿತ್ತಲಲ್ಲಿ ಕೂತು ಅತ್ತಿದ್ದೆ. ದೇವರ ಚಿತ್ತ ಎಂದು ನಿನ್ನ ಕಣ್ಣೊರೆಸಿದವನು ನಾನು. ಆ ಅರ್ಜಿಗೆ ನಿನ್ನ ಸಭೆಯ ಪಾಲಕನಾದ ನನ್ನ ಅಭಿಪ್ರಾಯ ಬೇಕಿತ್ತು. 'ಈಕೆಗೆ ದೇವರ ಕರೆ ಇಲ್ಲ' ಎಂದು ನಾನೇ ಬರೆದು ಸಹಿ ಮಾಡಿ ಕಳಿಸಿದ್ದೆ. ಮಗಳನ್ನು ಮೇಜಿನ ಬಳಿ ನಿಲ್ಲಿಸಿದರೆ ಜನ ಏನೆಂದಾರು ಎಂದು ಅಂಜಿದೆ. ಇದು ನಿನ್ನ ಅವ್ವನಿಗೂ ಗೊತ್ತಿಲ್ಲ. ನಿನಗೆ ಕರೆ ಇತ್ತು, ಕಾಂತಾ. ಸಹಿ ಮಾಡುವಾಗಲೂ ನನಗದು ಗೊತ್ತಿತ್ತು.