ಬೂಟು ಬರೆಯುವುದಿಲ್ಲ

ಕ್ಲಬ್ಬಿನ ಕಾರ್ಯದರ್ಶಿ ಭೀಮರಾಜ್ ಸಾರ್ ಅವರಿಗೆ ಗೋಡೆ ಮೇಲೆ ಚಿತ್ರ ಬರೆಯುವ ಬಿಂದುಶ್ರೀ ಮಾಡುವ ನಮಸ್ಕಾರ.

ಅಕ್ಷರ ವಾಲಿದ್ದರೆ, ತಪ್ಪಿದ್ದರೆ ಕ್ಷಮಿಸಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಕುಂಚ ಒಗ್ಗಿದಷ್ಟು ಪೆನ್ನು ಒಗ್ಗಿಲ್ಲ.

ಮೈದಾನದ ಗೋಡೆಯ ಮೇಲೆ ಭಾರತ ಫುಟ್‌ಬಾಲ್ ತಂಡದ ಚರಿತ್ರೆ ಬರೆಯಲು ಹೇಳಿದವರು ನೀವೇ. ನಿನ್ನೆ 1948ರ ಲಂಡನ್ ಒಲಿಂಪಿಕ್ಸ್ ತಂಡದ ಚಿತ್ರ ನೋಡಿ, "ಏನಮ್ಮಾ ಇದು, ಬರಿಗಾಲು! ಭಾನುವಾರ ಉದ್ಘಾಟನೆಗೆ ದೊಡ್ಡೋರು ಬರ್ತಾರೆ. ಬೂಟಿಗೂ ಗತಿ ಇರ್ಲಿಲ್ವಾ ಅಂತ ನಗ್ತಾರೆ. ಎಲ್ರಿಗೂ ಬೂಟ್ ಹಾಕು, ಇಲ್ಲಾಂದ್ರೆ ಬೇರೆಯವ್ರನ್ನ ಕರೀತೀನಿ" ಎಂದಿರಿ. ನಾನು "ಆಗ್ಲಿ ಸಾರ್" ಅಂದುಬಿಟ್ಟೆ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಬೂಟು ಹಾಕಿದ್ದವರಿಗೆ ಬೂಟು ಬರೆದಿದ್ದೇನೆ. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಆ ತಂಡ ಫ್ರಾನ್ಸಿನ ಮೇಲೆ ಒಂದು ಗೋಲು ಹೊಡೆಯಿತು, ಸೋತದ್ದು ಒಂದೇ ಗೋಲಿನ ಅಂತರದಿಂದ. ಯಾರಾದರೂ ನಕ್ಕರೆ ನನ್ನನ್ನು ಕರೆಯಿರಿ, ಮೈಕಿನಲ್ಲಿ ನಾನೇ ಹೇಳುತ್ತೇನೆ.

ಇಷ್ಟು ದಿನ ಪೇಂಟರ್ ಆದ ಅಪ್ಪನ ಹೆಸರಿನಲ್ಲೇ ಕೆಲಸ ಸಿಗುತ್ತಿತ್ತು. ಅವರ ಹೆಸರಿಲ್ಲದೆ ನಾನು ಒಪ್ಪಿಕೊಂಡ ಮೊದಲ ಗೋಡೆ ಇದು. ಬೇರೆಯವರಿಗೆ ಕೊಟ್ಟರೆ ನನಗೆ ಅಳು ಬರುತ್ತದೆ. ಬಂದರೂ ಬೂಟು ಬರೆಯುವುದಿಲ್ಲ.

ಏಣಿಯನ್ನು ಭಾನುವಾರದವರೆಗೆ ಅಲ್ಲೇ ಇರಲು ಬಿಡಿ. ಏಷ್ಯನ್ ಗೇಮ್ಸ್ ಚಿನ್ನ ಗೆದ್ದ 1962ರ ತಂಡ ಇನ್ನೂ ಬಾಕಿ ಇದೆ.

ಇವತ್ತು ಬೆಳಿಗ್ಗೆ ಮೈದಾನಕ್ಕೆ ಯಾರೂ ಬರುವ ಮೊದಲು ಹೋಗಿ, ಪ್ರತಿ ಬರಿಗಾಲಿನ ಬೆರಳಿಗೂ ಉಗುರು ಬರೆದು ಬಂದಿದ್ದೇನೆ.

ಇಂತಿ,
ಬಿಂದುಶ್ರೀ
ಹುಣಸಮಾರನಹಳ್ಳಿ