ಎರಡನೆಯ ಸಲ ಕೇಳದ ಊರು

ವಿಜಾಪುರ,
೨೨ ನವೆಂಬರ್ ೧೯೬೧

ಪ್ರೀತಿಯ ಯಜಮಾನರಿಗೆ, ನಿಮ್ಮ ಹೀರಾಬಾಯಿಯ ನಮಸ್ಕಾರಗಳು.

ನೆಗಡಿ ಹೋಯಿತೇ? ಜರ್ಮನಿಯ ಚಳಿಗೆ ಬರೀ ಮಫ್ಲರ್ ಸಾಲದು, ಒಳಗೆ ಅತ್ತೆಯವರು ಹೆಣೆದುಕೊಟ್ಟ ಉಣ್ಣೆಯ ಬನಿಯನ್ ಹಾಕಿಕೊಳ್ಳಿ. ಬಣ್ಣ ಚೆನ್ನಾಗಿಲ್ಲವೆಂದು ಅದನ್ನು ಟ್ರಂಕಿನಲ್ಲೇ ಇಟ್ಟಿರುತ್ತೀರಿ, ನನಗೆ ಗೊತ್ತು. ಇಲ್ಲಿ ಎಲ್ಲರೂ ಆರಾಮ. ಮಾವನವರ ಮೊಣಕಾಲು ನೋವು ಇಳಿದಿದೆ, ಸಂಜೆ ಗೋಳಗುಮ್ಮಟದವರೆಗೆ ನಡೆದು ಬರುತ್ತಾರೆ. ಅರಕೇರಿಯಿಂದ ಹೊಸ ಶೇಂಗಾ ಬಂದಿದೆ, ಚಟ್ನಿ ಕುಟ್ಟಿ ಕಳಿಸುತ್ತೇನೆ.

ಇನ್ನು ನಿಮ್ಮ ಪತ್ರದ ಮಾತು. ಹ್ಯಾಂಬರ್ಗ್ ಎಂದರೆ ಕರುಳಿಲ್ಲದ ಜನರ ಊರು, ಕಾರ್ಖಾನೆಯ ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಮಾರ್ಚಿನ ಹಡಗಿಗೆ ಬಂದುಬಿಡುತ್ತೇನೆ, ನೀನೂ ಹ್ಯಾಂಬರ್ಗಿಗೆ ಬರಲು ಒಲ್ಲೆ ಎಂದ ಮೇಲೆ ಯಾರ ಮುಖ ನೋಡಿಕೊಂಡು ಇರಲಿ ಎಂದು ಬರೆದಿದ್ದೀರಿ. ಓದಿದ ದಿನ ನನಗೆ ಊಟ ಸೇರಲಿಲ್ಲ. ಈ ಕೆಲಸ ಕಲಿಯುವ ಅವಕಾಶಕ್ಕಾಗಿ ನೀವು ಎಷ್ಟು ವರ್ಷ ಕಾದಿರಿ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ಬರಬೇಡಿ. ಸಿಟ್ಟು ಮಾಡಿಕೊಳ್ಳದೆ ಮುಂದೆ ಓದಿ.

ನೀವೇ ಬರೆದಂತೆ, ಆ ಶನಿವಾರ ಸಂಜೆ ನಿಮ್ಮ ಜೊತೆಗಾರರು ಹಾಡು ಕುಣಿತ ನಡೆಯುವ ಹೋಟೆಲಿಗೆ ಹೊರಟು ನಿಮ್ಮನ್ನೂ ಕರೆದರು. ನೀವು “ಬೇಡ, ನೀವು ಹೋಗಿ ಬನ್ನಿ” ಎಂದಿರಿ. ಹಾಗೆಂದು ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಲ್ಲೇ ನಿಂತಿರಿ. ಅವರು ಆಗಲಿ ಎಂದು ಹೋಗಿಯೇ ಬಿಟ್ಟರು. ಇದರಲ್ಲಿ ಅವರ ತಪ್ಪೇನು? ಬಬಲೇಶ್ವರದ ರಾಧಾಬಾಯಿ ಅತ್ತೆಯ ಪಂಕ್ತಿಯಲ್ಲಿ ಕೂತಿದ್ದೇನೆ ಎಂದುಕೊಂಡಿರಾ? ಅಲ್ಲಿ ನೀವು “ಸಾಕ್ರೀ ಅತ್ತಿ, ಹೊಟ್ಟಿ ತುಂಬೇತಿ” ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತೀರಿ, ಬೆರಳ ಸಂದಿ ಮಾತ್ರ ಬಿಟ್ಟಿರುತ್ತೀರಿ. ಅವರು “ಸುಮ್ನ ಉಣ್ಣೋ, ಭಾಳ ನಾಚಬ್ಯಾಡ” ಎಂದು ಇನ್ನೊಂದು ಹೋಳಿಗೆ ಜಾರಿಸುತ್ತಾರೆ. ನಮ್ಮ ಕಡೆ ಮೊದಲ ಬೇಡ ಬರೀ ಮರ್ಯಾದೆಗೆ, ಎರಡನೆಯದು ನಾಚಿಕೆಗೆ, ಮೂರನೆಯ ಸಲ ಕೇಳಿದಾಗ ಆಡುವುದು ನಿಜವಾದ ಮಾತು. ಆ ಊರಿನವರಿಗೆ ಬೇಡ ಎಂದರೆ ಬೇಡ. ಅವರು ನಿಮ್ಮ ಮಾತಿಗೆ ಬೆಲೆ ಕೊಟ್ಟಿದ್ದಾರೆ, ನೀವು ಅವರಿಗೆ ಕರುಳಿಲ್ಲ ಎನ್ನುತ್ತೀರಿ.

ನಾನು ಸೊಲ್ಲಾಪುರದ ಆಚೆ ಕಾಲಿಟ್ಟವಳಲ್ಲ. ಆದರೂ ಪರದೇಶದಲ್ಲಿ ರಾತ್ರಿ ಹೊರಗೆ ಹೇಗೆ ತಿರುಗಬೇಕೆಂದು ನಿಮಗೆ ಹೇಳಬಲ್ಲೆ, ಏಕೆಂದರೆ ನಿಮ್ಮ ಪತ್ರಗಳಲ್ಲಿ ಗೊಣಗಾಟದ ನಡುನಡುವೆ ಎಲ್ಲ ವಿವರವೂ ಇದೆ. ಮೊದಲ ಕರೆಗೇ ಹೂಂ ಎನ್ನಿ. ಹೊರಡುವ ಮುಂಚೆ ಕೋಣೆಯಲ್ಲಿ ಏನಾದರೂ ತಿಂದುಕೊಳ್ಳಿ, ಅಲ್ಲಿ ನಿಮಗೆ ನಡೆಯುವುದು ಆಲೂಗಡ್ಡೆಯೊಂದೇ. ಬೀರು ಒಲ್ಲದಿದ್ದರೆ ಸೇಬಿನ ರಸ ತರಿಸಿಕೊಳ್ಳಿ, ಆದರೆ ಅವರು ಗ್ಲಾಸು ಎತ್ತಿದಾಗ ನೀವೂ ಎತ್ತಿ, ಹೊಸ ಮದುಮಗಳಂತೆ ನೆಲ ನೋಡದೆ ಅವರ ಕಣ್ಣು ನೋಡಿ. ಅಲ್ಲಿ ಅವರವರ ಬಿಲ್ಲು ಅವರವರೇ ಕೊಡುವುದಂತೆ, ಹಾಗಾಗಿ ಎಲ್ಲರದ್ದೂ ನಾನೇ ಕೊಡುತ್ತೇನೆಂದು ಗುದ್ದಾಡಬೇಡಿ. ಕೊನೆಯ ಟ್ರಾಮು ಎಷ್ಟು ಹೊತ್ತಿಗೆಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ, ಮನೆಯ ವಿಳಾಸದ ಚೀಟಿ ಒಳಜೇಬಿನಲ್ಲಿರಲಿ. ಯಾವಳಾದರೂ ಕುಣಿಯಲು ಕರೆದರೆ ಕುಣಿಯಿರಿ. ಮೊಹರಮ್ಮಿನಲ್ಲಿ ಹೆಜ್ಜೆ ಹಾಕಿದ ಕಾಲು ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಕೋಣೆಯಲ್ಲಿ ಒಬ್ಬರೇ ಕೂತು ಬ್ರೆಡ್ಡಿಗೆ ಚಟ್ನಿ ಹಚ್ಚಿಕೊಂಡು ಅಳುವ ಗಂಡನಿಗಿಂತ ಕುಣಿಯುವ ಗಂಡನೇ ವಾಸಿ. ಕಾಖಂಡಕಿಯ ಬಯಲಾಟಕ್ಕೆ ಕಂಬಳಿ ಒಯ್ದು ಬೆಳಗಿನವರೆಗೆ ಕೂತು ಬರುತ್ತಿದ್ದವರು ಅಲ್ಲಿ ಎಂಟಕ್ಕೇ ದೀಪ ಆರಿಸುತ್ತೇನೆಂದರೆ ಯಾರು ನಂಬುತ್ತಾರೆ?

“ಭಾಳ ಶಾಣ್ಯಾಕಿ ಆಗೀ ಬಿಡು” ಎಂದು ನೀವು ನಗುತ್ತಿರಬಹುದು. ನಗಿ. ನಿಮ್ಮ ನಗು ಇಲ್ಲದೆ ಈ ಮನೆ ಬಿಕೋ ಎನ್ನುತ್ತದೆ.

ಹಿರಿಯರಿಬ್ಬರೂ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮೈಯ ಕಡೆ ಲಕ್ಷ್ಯವಿರಲಿ.

ನಿಮ್ಮ
ಹೀರಾ

ತಾ.ಕ.: ಮಾವನವರು ಚಪ್ಪಲಿ ಮೆಟ್ಟಿ ಟಪಾಲಿಗೆ ಹಾಕಲು ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. “ಹೀರಾ ಇಲ್ಲಿಗೆ ಬರುತ್ತಾಳೆಯೇ” ಎಂದು ನೀವು ಅಲ್ಲಿಂದ ಕೇಳಿದ್ದ ಪತ್ರವನ್ನು ಅವರು ಪಡಸಾಲೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು. ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಏನಂತ ಬರೀಲಿ ಯವ್ವಾ ಅವಗ?” ಎಂದರು. ಸೊಸೆಯಾದವಳು ಅತ್ತೆ ಮಾವಂದಿರ ಮುಂದೆ ಒಮ್ಮೆಲೇ ಹೂಂ ಎನ್ನುತ್ತಾಳೆಯೇ? ಒಲ್ಲೆ ಎಂದೆ. ನೀವು ಆ ಜರ್ಮನಿಯವರಂತೆ ಅದನ್ನೇ ನಂಬಿ ಕೂತುಬಿಟ್ಟಿರಿ. ಇನ್ನೊಮ್ಮೆ ಕೇಳಿ. ಮಾವನವರ ಹೆಸರಿಗೇ ಬರೆಯಿರಿ, ಗಟ್ಟಿಯಾಗಿಯೇ ಓದಲಿ. ಮೂರನೆಯ ಸಲದವರೆಗೆ ನಾನು ಕಾಯುವುದಿಲ್ಲ.